ಆ ಕನಸು ಅರ್ಧಕ್ಕೇ ಯಾಕೆ ನಿಲ್ಲುತ್ತದೆ?

"ಸರ್, ಲೈಂಗಿಕ ಕನಸು ಬಿದ್ದಾಗೆಲ್ಲ ಮುಖ್ಯ ಹೊತ್ತಿಗೇ ಎಚ್ಚರವಾಗುತ್ತದೆ. ಒಮ್ಮೆಯೂ ಕೊನೆ ಮುಟ್ಟಿದ್ದಿಲ್ಲ. ನನಗೇನಾದರೂ ತೊಂದರೆ ಉಂಟಾ?"

ಬದಿಯಡ್ಕದ ಕಡೆಯವರೊಬ್ಬರ ಪ್ರಶ್ನೆ. ಮದುವೆಯಾಗಿ 4 ವರ್ಷವಂತೆ. ಇದೇ ಪ್ರಶ್ನೆ ಪೆರ್ಲದಿಂದ ಬಂದಿತ್ತು, ಮುಳ್ಳೇರಿಯಾದಿಂದ ಬಂದಿತ್ತು, ಕುಂಬಳೆಯಿಂದ ಎರಡು ಸಲ ಬಂದಿತ್ತು. ತೊಂದರೆ ಏನೂ ಇಲ್ಲ. ಕಾರಣವನ್ನು ಈ ಸಲ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ರಾತ್ರಿಯಿಡೀ ನಿದ್ದೆ ಒಂದೇ ಹದದಲ್ಲಿ ಇರುವುದಿಲ್ಲ. ಸುಮಾರು 90 ನಿಮಿಷಕ್ಕೊಮ್ಮೆ, ಮುಚ್ಚಿದ ರೆಪ್ಪೆಯ ಅಡಿಯಲ್ಲಿ ಕಣ್ಣುಗುಡ್ಡೆಗಳು ಅತ್ತಿತ್ತ ಓಡಾಡುವ ಹೊತ್ತು ಬರುತ್ತದೆ. ಷಿಕಾಗೋದಲ್ಲಿ ಸಂಶೋಧಕರಾದ ಆಸೆರಿನ್ಸ್ಕಿ ಮತ್ತು ಕ್ಲೈಟ್‌ಮನ್ ಇದನ್ನು 1953ರಲ್ಲಿ ಜಗತ್ತಿಗೆ ತಿಳಿಸಿದರು. ರೆಮ್ ನಿದ್ದೆ ಎನ್ನುತ್ತಾರೆ. ಕಥೆಯಂಥ ಕನಸು ಜಾಸ್ತಿ ಬೀಳುವುದು ಆಗಲೇ. ಮೊದಲ ಜಾವದಲ್ಲಿ ಅದು ಗಿಡ್ಡ, ಬೆಳಗಿನ ಜಾವಕ್ಕೆ ಉದ್ದ. ನಮ್ಮಲ್ಲಿ ಆ ಹೊತ್ತಿಗೆ ಏನೇನಾಗುತ್ತದೆ ಗೊತ್ತಲ್ಲ? ಮಸೀದಿಯ ಸುಬಹಿ ಬಾಂಗು, ದೇವಸ್ಥಾನದ ಮೈಕು, ರಬ್ಬರ್ ಟ್ಯಾಪಿಂಗಿಗೆ ಹೋಗುವವರ ಅಲಾರಂ. ಕನಸು ಉದ್ದವಾಗುವ ಹೊತ್ತೇ ಏಳಿಸುವ ಸದ್ದುಗಳ ಹೊತ್ತು.

ಸದ್ದೇ ಇಲ್ಲದಿದ್ದರೂ ಎಚ್ಚರವಾಗಬಹುದು. ಕನಸಿಗೆ ರಂಗೇರಿದಾಗ ಎದೆಬಡಿತ, ಉಸಿರು ಎರಡೂ ಜೋರಾಗುತ್ತವೆ. ರೆಮ್ ಹೊತ್ತಿನಲ್ಲಿ ಕೈಕಾಲಿನ ಸ್ನಾಯುಗಳು ಸಡಿಲ ಬಿದ್ದಿರುತ್ತವೆ, ನಿಜವಾದ ಸ್ಪರ್ಶ ಅಲ್ಲಿಲ್ಲ. ಮಿದುಳು ನೆನಪಿನಿಂದಲೇ ಎಲ್ಲವನ್ನೂ ಕಟ್ಟಬೇಕು. ಉದ್ವೇಗ ಏರಿತು, ನಿದ್ದೆ ತೆಳುವಾಯಿತು, ಕಣ್ಣು ಬಿಟ್ಟಿತು. ಬಾವಿಗೆ ಬೀಳುವ ಕನಸಿನಲ್ಲಿ ನೀರು ಮುಟ್ಟುವ ಮೊದಲೇ ಏಳುತ್ತೇವೆ ಅಲ್ವಾ? ಹಾಗೆಯೇ.

ಇನ್ನೊಂದು ಮಾತು. ಬಯಲಾಟಕ್ಕೆ ಹೋಗಿ ಚಾಪೆಯಲ್ಲಿ ತೂಕಡಿಸಿದವರನ್ನು ಬೆಳಿಗ್ಗೆ ಕೇಳಿ ನೋಡಿ. ನೆನಪಿರುವುದು ಮಹಿಷಾಸುರನ ಪ್ರವೇಶ ಮಾತ್ರ. ಯಾಕೆಂದರೆ ಆ ಚೆಂಡೆ, ಆ ದೊಂದಿ, ಆ ಕೇಕೆಗೆ ಎಚ್ಚರವಾಗಿತ್ತು. ಕನಸೂ ಎಚ್ಚರವಾದಾಗಲೇ ನೆನಪಿನಲ್ಲಿ ಉಳಿಯುವುದು. ಹಾಯಾಗಿ ಮುಗಿದ ಕನಸುಗಳು ನಿದ್ದೆಯಲ್ಲೇ ಅಳಿಸಿಹೋಗುತ್ತವೆ. ಹಾಗಾಗಿ ನಮ್ಮ ಲೆಕ್ಕದಲ್ಲಿ ಅರ್ಧಕ್ಕೆ ನಿಂತವೇ ಜಾಸ್ತಿ.

ಇಷ್ಟು ಹೇಳಿದರೂ ಕೆಲವರು ತಲೆಯಾಡಿಸಿ, "ಅಲ್ಲ ಸರ್, ಧಾತು, ಅಂದರೆ ವೀರ್ಯ, ಉಳಿಸಿಕೊಳ್ಳಲು ದೇಹವೇ ಕನಸನ್ನು ನಿಲ್ಲಿಸುವುದಂತೆ" ಎನ್ನುತ್ತಾರೆ. ಕನಸು ಪೂರ್ತಿಯಾಗಿ ನಿದ್ದೆಯಲ್ಲೇ ವೀರ್ಯ ಹೋದವರಿಗೆ ಇನ್ನೂ ಹೆದರಿಕೆ. ಶಕ್ತಿ ಸೋರಿತು, ನರ ಸತ್ತಿತು ಎಂದು ಲೇಹ್ಯದ ಡಬ್ಬಿಗೆ ಸಾವಿರಗಟ್ಟಲೆ ಸುರಿಯುತ್ತಾರೆ. ನನಗೆ ಬೇಜಾರಾಗುವುದು ಇಲ್ಲಿಯೇ. ಬನ್ನಿ, ಲೆಕ್ಕ ಹಾಕೋಣ. ಜೀವಶಾಸ್ತ್ರ ಬೇಡ, ಗುಣಾಕಾರ ಸಾಕು.

40 ಹನಿ ರಕ್ತದಿಂದ 1 ಹನಿ ಮಜ್ಜೆ, 40 ಹನಿ ಮಜ್ಜೆಯಿಂದ 1 ಹನಿ ವೀರ್ಯ. ಇದು ಶಕ್ತಿ ಸೋರುತ್ತದೆ ಎನ್ನುವವರ ಮಾತು. ಅಂದರೆ 1 ಹನಿಗೆ 1600 ಹನಿ ರಕ್ತ. ಒಂದು ಸಲಕ್ಕೆ 3 ಮಿಲಿಲೀಟರ್ ಎಂದಿಟ್ಟುಕೊಳ್ಳಿ. ಮಿಲಿಲೀಟರಿಗೆ ಸುಮಾರು 20 ಹನಿಯಂತೆ 60 ಹನಿ. 60ನ್ನು 1600ರಿಂದ ಗುಣಿಸಿದರೆ 96,000 ಹನಿ. ಅದು 4,800 ಮಿಲಿಲೀಟರ್. ದೊಡ್ಡವರ ಮೈಯಲ್ಲಿ ಇರುವ ರಕ್ತವೇ ಸುಮಾರು 5 ಲೀಟರ್! ಈ ಮಾತು ನಿಜವಾಗಿದ್ದರೆ ಒಂದೇ ರಾತ್ರಿಗೆ ಮನುಷ್ಯ ಉಳಿಯುತ್ತಿರಲಿಲ್ಲ. ಎರಡು ಮಕ್ಕಳ ತಂದೆ ಯಾರೂ ಊರಲ್ಲಿ ಇರುತ್ತಿರಲಿಲ್ಲ.

ವೀರ್ಯದ ಬಹುಪಾಲು ಗ್ರಂಥಿಗಳು ಒಸರುವ ದ್ರವ. ವೀರ್ಯಾಣು ದಿನಾ ತಯಾರಾಗುತ್ತದೆ, ಹೊರಗೆ ಹೋಗದ್ದು ಮೈಯಲ್ಲೇ ಕರಗುತ್ತದೆ. ಹೋದರೆ ನಷ್ಟವಿಲ್ಲ, ಉಳಿದರೆ ಲಾಭವಿಲ್ಲ. ಮನೋವೈದ್ಯ ಎನ್. ಎನ್. ವಿಗ್ 1960ರಲ್ಲೇ ಈ ಹೆದರಿಕೆಗೆ ಧಾತ್ ಸಿಂಡ್ರೋಮ್ ಎಂದು ಹೆಸರಿಟ್ಟರು. ಸುಸ್ತು, ನಿದ್ದೆಗೇಡು, ಎದೆ ಡವಡವ ಇವೆಲ್ಲ ನಿಜವೇ. ಆದರೆ ಅವು ಹೆಚ್ಚಾಗಿ ಚಿಂತೆಯಿಂದ ಬರುವಂಥವು. ಡಾಕ್ಟರ ಹತ್ತಿರ ಮಾತಾಡಿದರೆ ವಾಸಿಯಾಗಬಹುದು.

ಕೇಳಿದವರೆಲ್ಲ ಗಂಡಸರೇ. ಹೆಂಗಸರಿಗೂ ಇಂಥ ಕನಸು ಬೀಳುತ್ತದಾ ಎಂದು ಒಬ್ಬರೂ ಕೇಳಲಿಲ್ಲ. ಬೀಳುತ್ತದೆ. ರೆಮ್ ಹೊತ್ತಿನಲ್ಲಿ ಅವರ ಜನನಾಂಗಕ್ಕೂ ರಕ್ತ ಹೆಚ್ಚು ಹರಿಯುತ್ತದೆ, ಕನಸು ಯಾವುದೇ ಇರಲಿ. ಅಮೆರಿಕದ ಆಲ್ಫ್ರೆಡ್ ಕಿನ್ಸಿ 1953ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 45 ವರ್ಷದೊಳಗೆ ಸುಮಾರು 37% ಹೆಂಗಸರ ಕನಸು ಒಮ್ಮೆಯಾದರೂ ಕೊನೆ ಮುಟ್ಟಿತ್ತು. ಉಳಿದವರಿಗೂ ಅರ್ಧಕ್ಕೇ ಎಚ್ಚರವಾಗಿರಬಹುದು, ಪಕ್ಕದಲ್ಲಿ ಮಲಗಿದವರಿಗೆ ಹೇಳಿರಲಿಕ್ಕಿಲ್ಲ. ಅಕ್ಕಂದಿರೇ, ನಿಮ್ಮ ಪ್ರಶ್ನೆಯನ್ನೂ ಬರೆಯಿರಿ. ಹೆಸರು ಬೇಡ, ಊರೂ ಬೇಡ.