ಯಾರದೋ ಪೊಟ್ಟಣ, ನಿಮ್ಮ ಪಹಣಿ

ಮಾದಕ ವಸ್ತು ಪ್ರಕರಣದಲ್ಲಿ ಮಗ ಸಿಕ್ಕಿಬಿದ್ದ ಅಪ್ಪಂದಿರು ನನ್ನ ವಕೀಲಿ ಕಚೇರಿಗೆ ಬರುವಾಗ ಸಾಮಾನ್ಯವಾಗಿ ಕೈಯಲ್ಲಿ ಪಹಣಿ ಹಿಡಿದೇ ಬರುತ್ತಾರೆ. "ಶೂರಿಟಿಗೆ ಜಮೀನಿದೆ ಸಾರ್, ಈ ವಾರ ಹುಡುಗನ್ನ ಹೊರಗೆ ತಂದುಬಿಡಿ. ಅವನಿಗೆ ಏನೂ ಗೊತ್ತೇ ಇರಲಿಲ್ಲ." ಪಹಣಿ ಆಮೇಲೆ ನೋಡೋಣ, ಮೊದಲು ನೀರು ಕುಡೀರಿ ಅನ್ನುತ್ತೇನೆ. ಊರ ಹೊಡೆದಾಟದಲ್ಲೋ ಚೆಕ್ ಬೌನ್ಸಿನಲ್ಲೋ ಜಾಮೀನು ಕಂಡವರಿಗೆ ಮಾದಕ ವಸ್ತುಗಳ ವಿರುದ್ಧದ ಎನ್‌ಡಿಪಿಎಸ್ ಕಾಯ್ದೆಯ ಜಾಮೀನು ಬೇರೆ ಜಾತಿಯದು ಎಂದು ತಿಳಿಹೇಳುವುದರಲ್ಲೇ ಅರ್ಧ ದಿನ ಕಳೆಯುತ್ತದೆ.

ಮಾದಕ ವಸ್ತು ಕೆಟ್ಟದ್ದು, ಮುಟ್ಟಬೇಡಿ ಎಂದು ಹೇಳಲು ನಾನು ಬರೆಯುತ್ತಿಲ್ಲ. ನನ್ನ ತಕರಾರು ಒಂದೇ ನಂಬಿಕೆಯ ಮೇಲೆ. ‘ಗೊತ್ತಿಲ್ಲದೆ ತಂದವನಿಗೆ ಏನೂ ಆಗುವುದಿಲ್ಲ’ ಎಂಬ ನಂಬಿಕೆ. ಗಡಿ ದಾಟಿ ನಡೆಯುವ ಈ ವ್ಯಾಪಾರದ ಕೆಳತುದಿ ನಿಂತಿರುವುದೇ ಇದರ ಮೇಲೆ.

1985ರ ಆ ಕಾಯ್ದೆಯ ಸೆಕ್ಷನ್ 35 ಏನನ್ನುತ್ತದೆ ನೋಡಿ. ಅಪರಾಧಕ್ಕೆ ಮನಸ್ಸಿನ ಅರಿವು ಬೇಕಾದ ಕಡೆ, ಆರೋಪಿಗೆ ಆ ಅರಿವು ಇತ್ತು ಎಂದೇ ನ್ಯಾಯಾಲಯ ಭಾವಿಸಬೇಕು. ‘ಭಾವಿಸಬಹುದು’ ಅಲ್ಲ, ಭಾವಿಸಲೇಬೇಕು. ಇರಲಿಲ್ಲ ಎಂದು ತೋರಿಸುವ ಹೊರೆ ಆರೋಪಿಯದು. ಅಂದರೆ ಬ್ಯಾಗು ಹುಡುಗನ ವಶದಲ್ಲಿತ್ತು ಎಂಬುದನ್ನು ಸರ್ಕಾರ ಮೊದಲು ಸಾಬೀತು ಮಾಡಬೇಕು. 2008ರಲ್ಲಿ ನೂರ್ ಆಗಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒತ್ತಿ ಹೇಳಿದೆ. ಅಷ್ಟಾದ ಮೇಲೆ, ಒಳಗೇನಿತ್ತೆಂದು ಅವನಿಗೆ ಗೊತ್ತಿತ್ತು ಎಂದು ಸರ್ಕಾರ ಬೇರೆಯಾಗಿ ತೋರಿಸಬೇಕಿಲ್ಲ. ಗೊತ್ತಿರಲಿಲ್ಲ ಎಂದು ಅವನೇ ತೋರಿಸಬೇಕು. ಆ ಹೊರೆ ಎಷ್ಟು ಭಾರದ್ದು ಎಂಬುದರಲ್ಲಿ ಸೆಕ್ಷನ್ನಿನ ಮಾತು ಬಹಳ ಬಿಗಿ; ತೀರ್ಪುಗಳು ಅದನ್ನು ಕೊಂಚ ಸಡಿಲಿಸಿವೆ; ಪ್ರತಿ ಪ್ರಕರಣದ ಸಂಗತಿಗಳೂ ಬೇರೆ. ಅದೇನೇ ಇರಲಿ, ಕಟಕಟೆಯಲ್ಲಿ ನಿಂತು ಅತ್ತರೆ ಅದು ಪುರಾವೆಯಾಗುವುದಿಲ್ಲ.

ಇದು ವಿಚಾರಣೆಯ ಮಾತಾಯಿತು. ಅದಕ್ಕೂ ಮುಂಚೆ ಸೆಕ್ಷನ್ 37 ಇದೆ. ವಾಣಿಜ್ಯ ಪ್ರಮಾಣದ ಮಾಲಾದರೆ, ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಸಕಾರಣವಿದೆ, ಹೊರಬಂದು ಇಂಥದ್ದು ಮತ್ತೆ ಮಾಡಲಾರ ಎಂದು ನ್ಯಾಯಾಧೀಶರಿಗೆ ಅನ್ನಿಸದ ಹೊರತು ಜಾಮೀನಿಲ್ಲ. ಶೂರಿಟಿಯ ಪ್ರಶ್ನೆ ಬರುವುದೇ ಆ ಬಾಗಿಲು ದಾಟಿದ ಮೇಲೆ. ವಾಣಿಜ್ಯ ಪ್ರಮಾಣ ಎಂದೊಡನೆ ಜನ ಲಾರಿ ಲೋಡು ಅಂದುಕೊಳ್ಳುತ್ತಾರೆ. ಎಂಡಿಎಂಎ ಎಂಬ ರಾಸಾಯನಿಕ ಮಾದಕಕ್ಕೆ ಅದು 10 ಗ್ರಾಂ, ಕೊಕೇನಿಗೆ 100 ಗ್ರಾಂ, ಹೆರಾಯಿನ್‌ಗೆ 250 ಗ್ರಾಂ. ಅದರಲ್ಲಿ ಮುಕ್ಕಾಲುಪಾಲು ಬರೀ ಹಿಟ್ಟು ಬೆರೆಸಿದ್ದರೂ ಹಿಟ್ಟಿನ ತೂಕವೂ ಲೆಕ್ಕಕ್ಕೆ ಸೇರುತ್ತದೆ ಎಂದು 2020ರ ಹೀರಾ ಸಿಂಗ್ ತೀರ್ಪು ಹೇಳಿದೆ. ಶಿಕ್ಷೆ ಕನಿಷ್ಠ 10 ವರ್ಷ. ಕೊನೆಗೆ ಖುಲಾಸೆಯಾದರೂ ನಡುವಿನ ವರ್ಷಗಳನ್ನು ಯಾರೂ ವಾಪಸ್ ಕೊಡುವುದಿಲ್ಲ. 23ರ ವಯಸ್ಸಿಗೆ ಒಳಹೋದ ಒಬ್ಬನಿಗೆ, ವಿಚಾರಣೆ ಇನ್ನೂ ಮುಗಿಯದ ಕಾರಣಕ್ಕೆ ಸುಪ್ರೀಂ ಕೋರ್ಟ್ 2023ರಲ್ಲಿ ಜಾಮೀನು ಕೊಟ್ಟಿತು. ಅಷ್ಟರಲ್ಲಿ ಅವನು ಏಳು ವರ್ಷಕ್ಕೂ ಮೇಲ್ಪಟ್ಟು ಜೈಲಿನಲ್ಲಿ ಕಳೆದಿದ್ದ.

"ಸರಿ ಸಾರ್, ಆದ್ರೆ ದೊಡ್ಡ ಕುಳಗಳನ್ನ ಬಿಟ್ಟು ನಮ್ಮ ಹುಡುಗನ್ನ ಯಾಕೆ ಹಿಡಿದ್ರು?" ಇದು ಎರಡನೆಯ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಉತ್ತರ ಮಾತ್ರ ಕಹಿ.

ಪಶ್ಚಿಮಕ್ಕೆ ಇರಾನ್, ಅಫ್ಗಾನಿಸ್ತಾನ, ಪಾಕಿಸ್ತಾನ. ಪೂರ್ವಕ್ಕೆ ಮ್ಯಾನ್ಮಾರ್, ಲಾವೋಸ್, ಥಾಯ್ಲೆಂಡ್. ಎರಡು ದೊಡ್ಡ ಉತ್ಪಾದನಾ ವಲಯಗಳ ನಡುವೆ ನಾವಿದ್ದೇವೆ. 2021ರ ಸೆಪ್ಟೆಂಬರಿನಲ್ಲಿ ಗುಜರಾತಿನ ಮುಂದ್ರಾ ಬಂದರಿನಲ್ಲಿ ಸುಮಾರು 3,000 ಕಿಲೊ ಹೆರಾಯಿನ್ ಸಿಕ್ಕಿತಲ್ಲ, ಅದು ಅಫ್ಗಾನಿಸ್ತಾನದಿಂದ ಇರಾನಿನ ಬಂದರ್ ಅಬ್ಬಾಸ್ ಮೂಲಕ ಟಾಲ್ಕ್ ಕಲ್ಲು ಎಂಬ ಹೆಸರಿನಲ್ಲಿ ಬಂದಿತ್ತು. ಆಮದು ಮಾಡಿಕೊಂಡ ಸಂಸ್ಥೆಯ ವಿಳಾಸ ವಿಜಯವಾಡದ್ದು. ಇಂಥ ಜಾಲದಲ್ಲಿ ಪ್ರತಿಯೊಬ್ಬನಿಗೂ ತನ್ನ ಹಿಂದಿನವನು, ಮುಂದಿನವನು ಬಿಟ್ಟರೆ ಬೇರಾರೂ ಗೊತ್ತಿರಬಾರದು. ಮಾಲು ಹೊರುವವನಿಗಂತೂ ಅದೂ ಸುಳ್ಳು ಹೆಸರಿನಲ್ಲಿ, ಕೆಲಸ ಮುಗಿದೊಡನೆ ಸ್ವಿಚ್ ಆಫ್ ಆಗುವ ನಂಬರಿನಲ್ಲಿ.

ಹುಡುಗನ ಅಮಾಯಕತೆ ಅವನಿಗೇ ತಿರುಗುಬಾಣವಾಗುವುದು ಇಲ್ಲೇ. ತನಿಖೆಗೆ ಸತ್ಯ ಹೇಳಿ ನೆರವಾದವನಿಗೆ ಸರ್ಕಾರ ವಿನಾಯಿತಿ ಕೊಡಬಹುದು ಎನ್ನುತ್ತದೆ ಸೆಕ್ಷನ್ 64. ಆದರೆ ಹೇಳಲು ಏನಾದರೂ ಗೊತ್ತಿರಬೇಕಲ್ಲ! ಜಾಲದ ಮಧ್ಯದಲ್ಲಿರುವವನ ಬಳಿ ಹೆಸರುಗಳಿವೆ, ಲೆಕ್ಕವಿದೆ, ಮಾತುಕತೆಗೆ ಸರಕಿದೆ. ಏನೂ ಗೊತ್ತಿಲ್ಲದವನ ಕೈ ಖಾಲಿ. ಸಿಂಗಪುರದಲ್ಲಿ 15 ಗ್ರಾಂ ಮೀರಿದ ಶುದ್ಧ ಹೆರಾಯಿನ್ ಸಾಗಿಸಿದರೆ ಮರಣದಂಡನೆ. ಬರೀ ಹೊತ್ತು ತಂದವನು ತನಿಖೆಗೆ ಗಣನೀಯ ನೆರವು ಕೊಟ್ಟನೆಂದು ಪ್ರಾಸಿಕ್ಯೂಟರ್ ಪ್ರಮಾಣಪತ್ರ ನೀಡಿದರೆ ಅದನ್ನು ಜೀವಾವಧಿಗೆ ಇಳಿಸಲು 2012ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಅಲ್ಲೂ ಅದೇ ಕಥೆ: ಕಡಿಮೆ ಗೊತ್ತಿದ್ದವನಿಗೆ ಬಚಾವಾಗುವ ದಾರಿಯೂ ಕಡಿಮೆ.

ನನ್ನ ಬಳಿ ಬಂದಿದ್ದ ಒಬ್ಬ ಹುಡುಗನ ಕಥೆ ಹೇಳುತ್ತೇನೆ; ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಡಿಗ್ರಿ ಆಗಿತ್ತು, ಕೆಲಸವಿರಲಿಲ್ಲ. ‘ಕಂಪನಿ’ಯವರು ಬ್ಯಾಂಕಾಕಿಗೆ ಕಳಿಸಿ, ಹೋಟೆಲ್ ಹಾಕಿಕೊಟ್ಟು, ಬರುವಾಗ ‘ಬಟ್ಟೆ ಸ್ಯಾಂಪಲ್’ ಇರುವ ಸೂಟ್‌ಕೇಸ್ ಕೊಟ್ಟರಂತೆ. ಬಟ್ಟೆಯ ಕೆಳಗೆ ಗಾಂಜಾ. 2022ರಲ್ಲಿ ಥಾಯ್ಲೆಂಡ್ ಗಾಂಜಾವನ್ನು ನಿಷೇಧಿತ ಪಟ್ಟಿಯಿಂದ ತೆಗೆದ ಮೇಲೆ ಈ ದಾರಿ ನಮ್ಮ ವಿಮಾನ ನಿಲ್ದಾಣಗಳಿಗೆ ಚೆನ್ನಾಗಿಯೇ ಪರಿಚಯವಾಗಿದೆ. ನಾನು ಕೇಳಿದೆ: "ಅಲ್ಲಪ್ಪ, ಒಂದು ಸೂಟ್‌ಕೇಸ್ ಬಟ್ಟೆ ತರೋಕೆ ವಿಮಾನದ ಟಿಕೆಟ್ಟು, ಹೋಟೆಲು, ಮೇಲೆ ಕೈಗೆ ದುಡ್ಡು. ಆ ಬಟ್ಟೆ ಚಿನ್ನದ್ದಾ?" ತಲೆ ತಗ್ಗಿಸಿದ. ಒಳ್ಳೆಯ ಹುಡುಗ, ಅಮ್ಮನಿಗೆ ಹೆದರುವವನು. ಆದರೆ ನಾನು ಕೇಳಿದ್ದನ್ನೇ ನ್ಯಾಯಾಧೀಶರೂ ಕೇಳುತ್ತಾರೆ. ಲೆಕ್ಕ ಕೂಡದ ಕಡೆ ಕಣ್ಣು ಮುಚ್ಚಿಕೊಂಡವನು ಮತ್ತು ನಿಜವಾಗಿಯೂ ಕಾಣದವನು, ಇವರಿಬ್ಬರನ್ನು ಕೋರ್ಟಿನಲ್ಲಿ ಬೇರೆ ಮಾಡಿ ತೋರಿಸುವುದು ಬಲು ಕಷ್ಟ.

ಅಪರಿಚಿತರೇ ಮೋಸ ಮಾಡುತ್ತಾರೆ ಎಂದೇನಿಲ್ಲ. 2019ರಲ್ಲಿ ದೋಹಾ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದ ಮುಂಬೈನ ದಂಪತಿಗೆ ಪೊಟ್ಟಣ ಕೊಟ್ಟಿದ್ದು ಹತ್ತಿರದ ನೆಂಟರೇ. ಅದರೊಳಗಿದ್ದದ್ದು ಚರಸ್. ಹತ್ತು ವರ್ಷದ ಶಿಕ್ಷೆಯೂ ಆಯಿತು. ಇಲ್ಲಿನ ಎನ್‌ಸಿಬಿ, ಅಂದರೆ ಕೇಂದ್ರದ ಮಾದಕ ವಸ್ತು ನಿಯಂತ್ರಣ ಸಂಸ್ಥೆ, ಸಂಚನ್ನು ಬಿಡಿಸಿದ್ದರಿಂದ 2021ರಲ್ಲಿ ಬಿಡುಗಡೆಯಾದರು. ಅಂಥ ಅದೃಷ್ಟ ಎಲ್ಲರಿಗಿಲ್ಲ. ಹಾಗೆಯೇ, ಸಂಯುಕ್ತ ಅರಬ್ ಸಂಸ್ಥಾನಕ್ಕೆ (ಯುಎಇ) ಹೋಗುವ ಮಗಳ ಬ್ಯಾಗಿಗೆ ಪಾಯಸಕ್ಕೆಂದು ಗಸಗಸೆ ಕಟ್ಟಿಕೊಡುವ ತಾಯಂದಿರೇ, ದಯವಿಟ್ಟು ಬೇಡ. ನಮ್ಮ ಕಾಯ್ದೆ ಬೀಜವನ್ನು ಹೊರಗಿಟ್ಟಿದೆ, ಅವರದು ಇಟ್ಟಿಲ್ಲ.

ವಿಚಿತ್ರವೆಂದರೆ, "ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಎಂಡಿಎಂಎ ಇದೆ, ನೀವು ಡಿಜಿಟಲ್ ಅರೆಸ್ಟ್" ಎಂದು ವಂಚಕರು ಫೋನ್ ಮಾಡಿದರೆ ಜನ ಬೆವತು ಲಕ್ಷಗಟ್ಟಲೆ ಕಳಿಸುತ್ತಾರೆ. ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ. ಅದೇ ಜನ ಗೆಳೆಯನ ವಿದೇಶಿ ಪಾರ್ಸೆಲ್‌ಗೆ ತಮ್ಮ ವಿಳಾಸ, ಆಧಾರ್ ಪ್ರತಿ ಕೊಡುವಾಗ ಒಂದು ಕ್ಷಣವೂ ಯೋಚಿಸುವುದಿಲ್ಲ.

ಸಿಕ್ಕಿಬಿದ್ದ ಮೇಲೆ ಮನೆಯವರು ಮಾಡುವ ಒಂದು ಕೆಲಸ ನನ್ನ ಸಿಟ್ಟು ನೆತ್ತಿಗೇರಿಸುತ್ತದೆ. ಹೆದರಿ ಮನೆಯ ಲ್ಯಾಪ್‌ಟಾಪಿನಲ್ಲಿ, ಇನ್ನೊಂದು ಫೋನಿನಲ್ಲಿ ಉಳಿದಿರುವ ಹುಡುಗನ ವಾಟ್ಸಾಪ್ ಮಾತುಕತೆಯನ್ನೆಲ್ಲ ಅಳಿಸಿಬಿಡುತ್ತಾರೆ. ಸಾಕ್ಷ್ಯ ನಾಶ ಎಂಬ ಬೇರೊಂದು ಆರೋಪಕ್ಕೆ ಅದು ದಾರಿ ಮಾಡಬಹುದು ಎಂಬುದು ಹಾಗಿರಲಿ. ‘ಬಟ್ಟೆ ಸ್ಯಾಂಪಲ್ ತಾ’ ಎಂದು ಅವನಿಗೆ ಹೇಳಿದ್ದರು ಎನ್ನಲು ಇದ್ದ ಏಕೈಕ ಆಧಾರ ಅದೇ ಆಗಿರುತ್ತದೆ. ಅವನಿಗೆ ಅರಿವಿತ್ತು ಎಂಬ ಸೆಕ್ಷನ್ 35ರ ಊಹೆಯನ್ನು ಒಡೆಯಲು ನನಗೆ ಬೇಕಾದದ್ದು ಆ ಮೆಸೇಜುಗಳು, ಆ ವಾಯ್ಸ್ ನೋಟ್‌ಗಳು, ಟಿಕೆಟ್ಟಿಗೆ ಯಾವ ಖಾತೆಯಿಂದ ಹಣ ಹೋಯಿತು ಎಂಬ ವಿವರ. ಅವನು ಹುಟ್ಟಿದಾಗಿನಿಂದ ಎಷ್ಟು ಒಳ್ಳೆಯವನು ಎಂಬುದನ್ನು ಆಮೇಲೆ ಕೇಳುತ್ತೇನೆ. ಮೊದಲು ಅವೆಲ್ಲ ಇದ್ದ ಹಾಗೇ ತನ್ನಿ, ಯಾವುದನ್ನೂ ಮುಟ್ಟದೆ.