4.6 ಮೀಟರ್ ಭರತಿ ಎಂದರೆ ವಾಕೋಲದವರಿಗೆ ಏನು?

ಓದುಗರ ಪ್ರಶ್ನೆ: ಮದುವೆಯಾಗಿ ಕುಂದಾಪುರದಿಂದ ಮುಂಬಯಿಗೆ ಬಂದು ಎರಡು ವರ್ಷವಾಯಿತು. ಮನೆ ಸಾಂತಾಕ್ರೂಜ್ ಪೂರ್ವದ ವಾಕೋಲದಲ್ಲಿ. ಮಳೆಗಾಲ ಬಂತೆಂದರೆ "ಇಂದು ಮಧ್ಯಾಹ್ನ 4.6 ಮೀಟರ್ ಭರತಿ, ಎಚ್ಚರ" ಎಂದು ಮೊಬೈಲಿಗೆ ಮೆಸೇಜ್ ಬರುತ್ತದೆ. ಅಷ್ಟು ಎತ್ತರದ ಅಲೆ ಬರುತ್ತದಾ? ಸಮುದ್ರ ನಮ್ಮ ಮನೆಯಿಂದ ದೂರ. ಇದರಿಂದ ನಮಗೇನು?

ಉತ್ತರ: ಮೊದಲು ಅಲೆಯ ವಿಷಯ ಹೇಳಿಬಿಡುತ್ತೇನೆ. ಇಲ್ಲ, ಹೆದರಬೇಡಿ, ಅಷ್ಟೆತ್ತರದ ಅಲೆ ಬರುವುದಿಲ್ಲ. ಇದು ಅಲೆಯ ಎತ್ತರವೇ ಅಲ್ಲ, ನೀರಿನ ಮಟ್ಟ. ದೊಡ್ಡ ಇಳಿತದ ದಿನ ಸಮುದ್ರ ಎಲ್ಲಿಯವರೆಗೆ ತಗ್ಗುತ್ತದೋ, ಹೆಚ್ಚುಕಡಿಮೆ ಅಲ್ಲಿಗೆ ಸೊನ್ನೆ ಎಂದು ಗುರುತು ಇಟ್ಟಿರುತ್ತಾರೆ. ಅಲ್ಲಿಂದ ಅಳೆದ ಲೆಕ್ಕ ಇದು. ಮುಂಬಯಿಯಲ್ಲಿ ಸಮುದ್ರದ ಸರಾಸರಿ ಮಟ್ಟವೇ ಆ ಗುರುತಿನಿಂದ ಸುಮಾರು 2.5 ಮೀಟರ್ ಮೇಲಿದೆ. ಹಾಗಾಗಿ 4.6 ಮೀಟರ್ ಎಂದರೆ ಸರಾಸರಿಗಿಂತ ಸುಮಾರು 2 ಮೀಟರ್ ಜಾಸ್ತಿ. ಅಲೆಗಳು ಅದರ ಮೇಲೆ ಬೇರೆ.

ಭರತಿ ಎಂದರೆ ಉಬ್ಬರ, ಓಹೋಟಿ ಎಂದರೆ ಇಳಿತ. ಊರಿನಲ್ಲಿ ಎರಡನ್ನೂ ನೋಡಿ ಬೆಳೆದವರು ನೀವು. ಆದರೆ ನಮ್ಮ ಕರಾವಳಿಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವಿನ ಅಂತರ ಸಣ್ಣದು. ಪಶ್ಚಿಮ ಕರಾವಳಿಯಲ್ಲಿ ಉತ್ತರಕ್ಕೆ ಹೋದ ಹಾಗೆ ಅದು ಹೆಚ್ಚುತ್ತಾ ಹೋಗುತ್ತದೆ. ಮುಂಬಯಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಈ ಅಂತರ ನಾಲ್ಕು ಮೀಟರ್ ಕೂಡ ದಾಟುತ್ತದೆ. ಊರಿನಲ್ಲಿ ಯಾರೂ ಹೇಳದ ಎಚ್ಚರಿಕೆ ಇಲ್ಲಿ ಮೊಬೈಲಿಗೆ ಬರುವುದು ಅದಕ್ಕೇ.

ಇನ್ನು, ಸಮುದ್ರ ದೂರ ಎಂದಿರಿ. ಅಷ್ಟೇನೂ ದೂರವಿಲ್ಲ. ನಿಮ್ಮ ಪಕ್ಕದ ವಾಕೋಲ ನಾಲೆ ಮಿಠಿ ನದಿಗೆ ಸೇರುತ್ತದೆ. ಮಿಠಿ ಮಾಹಿಮ್ ಖಾಡಿಯಲ್ಲಿ ಸಮುದ್ರ ಸೇರುತ್ತದೆ. ಗಂಗೊಳ್ಳಿ ಅಳಿವೆಯಿಂದ ಉಪ್ಪುನೀರು ಹೊಳೆಯೊಳಗೆ ಏರಿ ಬರುವುದನ್ನು ನೋಡಿದ್ದೀರಲ್ವಾ? ಮಾಹಿಮ್ ಖಾಡಿಯಿಂದ ಮಿಠಿಯೊಳಗೂ ಉಬ್ಬರದ ನೀರು ಹಾಗೆಯೇ ಏರುತ್ತದೆ. ಎದುರಿನಿಂದ ಸಮುದ್ರ ಬರುತ್ತಿರುವಾಗ ನಿಮ್ಮ ನಾಲೆಯ ಮಳೆನೀರು ಹೋಗುವುದು ಎಲ್ಲಿಗೆ? ಬಂದ ದಾರಿಯಲ್ಲೇ ನಿಲ್ಲುತ್ತದೆ. ಆಮೇಲೆ ಗಲ್ಲಿಗೆ ಏರುತ್ತದೆ.

ಇಡೀ ನಗರದ ಕಥೆ ಇದೇ. ಮುಂಬಯಿಯ ಹಳೆಯ ಮಳೆನೀರಿನ ಕಾಲುವೆಗಳನ್ನು ಗಂಟೆಗೆ 25 ಮಿಲಿಮೀಟರ್ ಮಳೆಗೆಂದು ಕಟ್ಟಿದ್ದರು. ಅದೂ ಸಮುದ್ರ ಇಳಿತದಲ್ಲಿರುವಾಗ. ಅವು ಸಮುದ್ರ ಸೇರುವ ಬಾಯಿಗಳಲ್ಲಿ ಹೆಚ್ಚಿನವು ದೊಡ್ಡ ಉಬ್ಬರದ ಮಟ್ಟಕ್ಕಿಂತ ಕೆಳಗಿವೆ. ಕೆಲವು ಬಾಯಿಗಳಿಗೆ ಗೇಟ್ ಇದೆ. ಊರಿನ ಕಿಂಡಿ ಅಣೆಕಟ್ಟಿಗೆ ಹಲಗೆ ಇಳಿಸಿ ಉಪ್ಪುನೀರು ತಡೆಯುವ ಹಾಗೆ, ಉಬ್ಬರದ ಹೊತ್ತಿಗೆ ಈ ಗೇಟ್ ಮುಚ್ಚುತ್ತಾರೆ. ಸಮುದ್ರ ಒಳಗೆ ಬರುವುದಿಲ್ಲ, ಸರಿ. ಮಳೆನೀರು ಹೊರಗೆ ಹೋಗುವುದೂ ಇಲ್ಲ. ಆಗ ಪಂಪ್ ಹಾಕಿ ಎತ್ತಿ ಚೆಲ್ಲಲೇಬೇಕು. ಹಾಜಿ ಅಲಿ, ಇರ್ಲಾ, ಲವ್‌ಗ್ರೋವ್, ಕ್ಲೀವ್‌ಲ್ಯಾಂಡ್, ಬ್ರಿಟಾನಿಯಾ, ಗಜ್‌ದರ್‌ಬಂದ್ ಎಂಬ ಪಂಪಿಂಗ್ ಸ್ಟೇಷನ್‌ಗಳ ಕೆಲಸ ಇದು. ಕಾಲುವೆಗಳ ಶಕ್ತಿಯನ್ನು ಗಂಟೆಗೆ 50 ಮಿಲಿಮೀಟರ್‌ಗೆ ಏರಿಸುವ ಬ್ರಿಮ್‌ಸ್ಟೋವಾಡ್ ಯೋಜನೆಯ ವರದಿ 1993ರಲ್ಲೇ ಬಂದಿತ್ತು. ಕೆಲಸಕ್ಕೆ ವೇಗ ಬಂದದ್ದು ಮಾತ್ರ 2005ರ ಪೆಟ್ಟು ಬಿದ್ದ ಮೇಲೆ. ನಡುವಿನ ಆ ವರ್ಷಗಳನ್ನು ನೆನೆದರೆ ಇವತ್ತಿಗೂ ಬೇಸರವಾಗುತ್ತದೆ.

2005ರ ಜುಲೈ 26. ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ. ಅದೇ ದಿನ ಕೊಲಾಬಾದಲ್ಲಿ 73 ಚಿಲ್ಲರೆ ಮಾತ್ರ. ದಕ್ಷಿಣ ಮುಂಬಯಿಯ ಆಫೀಸುಗಳಲ್ಲಿ ಕುಳಿತವರಿಗೆ ಉಪನಗರದಲ್ಲಿ ಏನಾಗುತ್ತಿದೆ ಎಂದು ಗೊತ್ತೇ ಆಗಲಿಲ್ಲ. ಮಧ್ಯಾಹ್ನ ಮಳೆ ಜೋರಾದ ಹೊತ್ತಿಗೇ ಸಮುದ್ರದಲ್ಲಿ ದೊಡ್ಡ ಉಬ್ಬರ. ನಾನಾಗ ಕಲೀನಾದಲ್ಲಿದ್ದೆ. ನೆಲಮಹಡಿಯ ಮನೆಗಳವರು ಮಕ್ಕಳನ್ನು, ಗ್ಯಾಸ್ ಸಿಲಿಂಡರನ್ನು, ದೇವರ ಪಟವನ್ನು ಹೊತ್ತು ಮೆಟ್ಟಿಲು ಹತ್ತಿದರು. ಗುರುತಿಲ್ಲದವರಿಗೂ ಮೇಲಿನ ಮನೆಗಳ ಬಾಗಿಲು ರಾತ್ರಿಯಿಡೀ ತೆರೆದಿತ್ತು. ಅದನ್ನು ಕಂಡವರು ಯಾರೂ ಭರತಿಯ ಮೆಸೇಜನ್ನು ಸುಮ್ನೆ ಅಳಿಸುವುದಿಲ್ಲ.

ಹಾಗೆಂದು ಪ್ರತಿ ಭರತಿಗೂ ಮನೆಯಲ್ಲಿ ಕೂರಬೇಕಾಗಿಲ್ಲ. ಮಳೆ ಇಲ್ಲದ ದಿನ 4.8 ಮೀಟರ್ ಉಬ್ಬರ ಬಂದರೂ ವಾಕೋಲಕ್ಕೆ ಸಾಮಾನ್ಯವಾಗಿ ತೊಂದರೆಯಿಲ್ಲ. ಇಳಿತದಲ್ಲಿ ಬಿದ್ದ ಜೋರು ಮಳೆಯ ನೀರೂ ಹೆಚ್ಚಾಗಿ ಬೇಗ ಹರಿದು ಹೋಗುತ್ತದೆ. ಕಷ್ಟವಾಗುವುದು ಎರಡೂ ಒಟ್ಟಿಗೆ ಬಂದಾಗ. ಆದ್ದರಿಂದ ಮೆಸೇಜಿನಲ್ಲಿ ಮೀಟರಿಗಿಂತ ಮೊದಲು ಗಂಟೆ ನೋಡಿ. ಆ ಗಂಟೆಯ ಹಿಂದೆ ಎರಡು ತಾಸು, ಮುಂದೆ ಎರಡು ತಾಸು ಸೇರಿಸಿಕೊಳ್ಳಿ. ಹವಾಮಾನ ಇಲಾಖೆ ಆರೆಂಜ್ ಅಥವಾ ರೆಡ್ ಅಲರ್ಟ್ ಕೊಟ್ಟಿದ್ದರೆ ಆ ನಾಲ್ಕು ತಾಸಿನಲ್ಲಿ ಮಿಲನ್ ಸಬ್‌ವೇ, ಅಂಧೇರಿ ಸಬ್‌ವೇ, ಕಿಂಗ್ಸ್ ಸರ್ಕಲ್‌ನ ಗಾಂಧಿ ಮಾರ್ಕೆಟ್ ಕಡೆಯ ಓಡಾಟ ಇಟ್ಟುಕೊಳ್ಳಬೇಡಿ. ಹೀಗೆಯೇ ನೀರು ನಿಲ್ಲುವ, ದಾದರ್ ಬಳಿಯ ಹಿಂದ್‌ಮಾತಾಕ್ಕೆಂದು ಪಾಲಿಕೆ ನೆಲದಡಿ ದೊಡ್ಡ ಟ್ಯಾಂಕ್ ಕಟ್ಟಿಸಿದೆ. ಉಬ್ಬರ ಇಳಿಯುವವರೆಗೆ ನೀರನ್ನು ಅಲ್ಲಿ ಕೂಡಿಡುವ ಯೋಚನೆ. ಆದರೂ ತೀರಾ ಜೋರು ಮಳೆಯಲ್ಲಿ ಆ ದಾರಿಯನ್ನು ನಾನು ನಂಬುವುದಿಲ್ಲ.

ಗಲ್ಲಿಯಲ್ಲಿ ನೀರು ನಿಂತರೆ 1916ಕ್ಕೆ ಫೋನ್ ಮಾಡಿ. ಇದು ಮುಂಬಯಿ ಪಾಲಿಕೆಯ ವಿಪತ್ತು ನಿರ್ವಹಣಾ ಕಂಟ್ರೋಲ್ ರೂಮ್, ಹಗಲು ರಾತ್ರಿ ತೆರೆದಿರುತ್ತದೆ. ವಾಕೋಲ ಬರುವುದು ಎಚ್ ಪೂರ್ವ ವಾರ್ಡಿಗೆ, ಅದನ್ನು ಹೇಳಿ. ಬರೀ "ವಾಕೋಲದಲ್ಲಿ ನೀರು" ಎಂದರೆ ಸಾಲದು. ಯಾವ ಗಲ್ಲಿ, ಹತ್ತಿರದ ಗುರುತು ಏನು, ನೀರು ಮೊಣಕಾಲಿಗೋ ಪಾದಕ್ಕೋ ಎಂದು ಹೇಳಿ. ದೂರಿನ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ. ಮರಾಠಿ ಇನ್ನೂ ಬಾಯಿಗೆ ಬಂದಿಲ್ಲವಾದರೆ ಹಿಂದಿಯಲ್ಲಿ ಹೇಳಿ, ಸಂಕೋಚ ಬೇಡ. ನಾಲೆಯಲ್ಲಿ ಕಸ, ಹೂಳು ಕಂಡರೆ ಮಳೆ ಬರುವ ಮುಂಚೆಯೇ, ಮೇ ತಿಂಗಳಲ್ಲೇ ವಾರ್ಡ್ ಆಫೀಸಿಗೆ ಬರೆದು ಕೊಡಿ. ನಾಲೇ ಸಫಾಯಿ ನಡೆಯುವ ಸಮಯ ಅದು. ಜುಲೈಯಲ್ಲಿ ಕೊಟ್ಟ ಅರ್ಜಿಗಿಂತ ಮೇಯಲ್ಲಿ ಕೊಟ್ಟ ಅರ್ಜಿಗೆ ಬೆಲೆ ಜಾಸ್ತಿ.

ಒಂದು ವಿಷಯ ಕೈಮುಗಿದು ಕೇಳಿಕೊಳ್ಳುತ್ತೇನೆ. ನೀರು ಬೇಗ ಇಳಿಯಲಿ ಎಂದು ಯಾರೂ ಮ್ಯಾನ್‌ಹೋಲಿನ ಮುಚ್ಚಳ ತೆಗೆಯಬೇಡಿ, ಪಕ್ಕದವರು ತೆಗೆಯುತ್ತಿದ್ದರೆ ತಡೆಯಿರಿ. 2017ರ ಆಗಸ್ಟ್ 29ರ ಮಳೆಯಲ್ಲಿ ಎಲ್ಫಿನ್‌ಸ್ಟನ್ ಕಡೆ ಹಿರಿಯ ವೈದ್ಯರೊಬ್ಬರು ಮನೆಗೆ ನಡೆದು ಹೋಗುತ್ತಾ ತೆರೆದ ಮ್ಯಾನ್‌ಹೋಲಿಗೆ ಬಿದ್ದರು. ಅವರ ದೇಹ ಸಿಕ್ಕಿದ್ದು ಎರಡು ದಿನ ಕಳೆದು, ವರ್ಲಿಯ ಸಮುದ್ರದ ಹತ್ತಿರ. ಕೆಸರು ನೀರಿನಲ್ಲಿ ನಡೆಯಲೇಬೇಕಾಗಿ ಬಂದರೆ, ಆಮೇಲೆ ಕಾಲನ್ನು ಸೋಪು ಹಾಕಿ ತೊಳೆಯಿರಿ. ಗಾಯವಿದ್ದರೆ ಲೆಪ್ಟೋ ಜ್ವರದ, ಅಂದರೆ ಇಲಿಜ್ವರದ ಭಯ ಜಾಸ್ತಿ. 72 ಗಂಟೆಯೊಳಗೆ ಪಾಲಿಕೆಯ ದವಾಖಾನೆಗೆ ಹೋಗಿ ತೋರಿಸಿ, ಬೇಕಾದ ಮಾತ್ರೆಯನ್ನು ಅವರೇ ಕೊಡುತ್ತಾರೆ.

4.5 ಮೀಟರ್ ದಾಟುವ ಭರತಿಗಳ ಪಟ್ಟಿಯನ್ನು ಪಾಲಿಕೆ ಮಳೆಗಾಲಕ್ಕೆ ಮೊದಲೇ ಕೊಡುತ್ತದೆ. ಆ ತಾರೀಖುಗಳನ್ನು ನಿಮ್ಮ ಕನ್ನಡ ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಿ. ಹೆಚ್ಚಿನವು ಹುಣ್ಣಿಮೆ, ಅಮಾವಾಸ್ಯೆಯ ಮಗ್ಗುಲಲ್ಲೇ ಬರುವುದನ್ನು ನೋಡುತ್ತೀರಿ. ಪಟ್ಟಿ ಕೈಯಲ್ಲಿಲ್ಲದಿದ್ದರೆ ಕೊಂಕಣ ತೀರದವರ ಬಾಯಿಲೆಕ್ಕ ಒಂದಿದೆ. ತಿಥಿಯ ಮುಕ್ಕಾಲು ಪಾಲೇ ಉಬ್ಬರದ ಗಂಟೆ. ಪಂಚಮಿಗೆ ಐದರ ಮುಕ್ಕಾಲು, ಅಂದರೆ ಮೂರೂಮುಕ್ಕಾಲು. ಅಷ್ಟಮಿಗೆ ಆರು. ಅರ್ಧ-ಒಂದು ತಾಸು ಆಚೀಚೆ ಆಗಬಹುದು. ದಿನಕ್ಕೆ ಎರಡು ಉಬ್ಬರ ಇರುವುದರಿಂದ ಅದೇ ಲೆಕ್ಕ ರಾತ್ರಿಗೂ ನಡೆಯುತ್ತದೆ.