ಬುಖಾರಾದ 3 ದಿರ್ಹಮ್ ಪುಸ್ತಕ, ಮುಗಿಯದ ಒಂದು ವಾದ

ಸಾವಿರ ವರ್ಷಕ್ಕೂ ಹಿಂದಿನ ಮಾತು. ಬುಖಾರಾದ (ಈಗಿನ ಉಜ್ಬೇಕಿಸ್ತಾನದ ಊರು) ಪುಸ್ತಕದ ಅಂಗಡಿಗಳ ಬೀದಿಯಲ್ಲಿ ಒಬ್ಬ ವ್ಯಾಪಾರಿ ಹುಡುಗನ ಬೆನ್ನು ಹತ್ತಿದ್ದ. ಬೇಡ ಅಂದರೂ ಬಿಡಲಿಲ್ಲ. ಪುಸ್ತಕದ ಮಾಲೀಕನಿಗೆ ದುಡ್ಡಿನ ಅಡಚಣೆ, 3 ದಿರ್ಹಮ್‌ಗೆ ತಗೋ ಅಂದ. ಆ ಹುಡುಗನೇ ಮುಂದೆ ದೊಡ್ಡ ತತ್ವಜ್ಞಾನಿಯಾದ ಇಬ್ನ್ ಸೀನಾ (980–1037). ದೇವರು, ಅಸ್ತಿತ್ವ ಅಂತೆಲ್ಲ ಇರುವ ಅರಿಸ್ಟಾಟಲನ ಗ್ರಂಥವನ್ನು 40 ಸಲ ಓದಿ, ಬಾಯಿಪಾಠವಾದರೂ ತಲೆಗೆ ಹತ್ತದೆ ಕೈಬಿಟ್ಟಿದ್ದ. ಈಗ ಕೊಂಡದ್ದು ಅದರ ಬಗ್ಗೆಯೇ ಹಿಂದಿನ ತತ್ವಜ್ಞಾನಿ ಅಲ್-ಫಾರಾಬಿ ಬರೆದದ್ದು. ಓದಿದ್ದೇ ತಡ, ಗಂಟು ಬಿಚ್ಚಿತು. ಮರುದಿನ ಬಡವರಿಗೆ ದಾನ ಕೊಟ್ಟ. ಇದು ಅವನೇ ಹೇಳಿಕೊಂಡ ಕಥೆ. ಸ್ವಲ್ಪ ಜಂಬವೂ ಇದೆ ಬಿಡಿ.

ದೇವರಿದ್ದಾನೆ ಅನ್ನೋದಕ್ಕೆ ಕಲಾಂ (ಇಸ್ಲಾಮಿನ ಧರ್ಮತರ್ಕ) ಪಂಡಿತರ ವಾದ ಸರಳವಾಗಿತ್ತು: ಜಗತ್ತು ಒಂದು ದಿನ ಶುರುವಾಯಿತು, ಹಾಗಾಗಿ ಶುರು ಮಾಡಿದವನೊಬ್ಬ ಬೇಕು. ಇಬ್ನ್ ಸೀನಾಗೆ ಆ ಶುರುವೇ ಬೇಕಾಗಲಿಲ್ಲ. ಜಗತ್ತು ಯಾವತ್ತೂ ಇತ್ತು ಅಂತಲೇ ಇಟ್ಟುಕೊಳ್ಳಿ. ಆದರೂ ಇಲ್ಲಿರುವ ಒಂದೊಂದೂ ಇಲ್ಲದೆಯೂ ಇರಬಹುದಿತ್ತು. ಅದು ‘ಮುಮ್ಕಿನ್’. ನನ್ನ ಹೋಲಿಕೆಯಲ್ಲಿ ಹೇಳೋದಾದರೆ, ಅದರ ಇರುವಿಕೆ ಕೈಸಾಲ. ಕೊಟ್ಟವನೂ ಸಾಲ ತಂದೇ ಕೊಟ್ಟಿದ್ದರೆ? ಅವನಿಗೆ ಕೊಟ್ಟವನೂ? ಸಾಲಗಾರರ ಸಾಲು ಎಷ್ಟೇ ಉದ್ದವಿರಲಿ, ಸ್ವಂತ ದುಡ್ಡಿನವನು ಎಲ್ಲೋ ಒಬ್ಬ ಇರಬೇಕಲ್ವಾ? ಇಲ್ಲದಿರುವುದೇ ಸಾಧ್ಯವಿಲ್ಲದ ಆ ಒಂದನ್ನು ಅವನು ‘ವಾಜಿಬ್ ಅಲ್-ವುಜೂದ್’ (ಇರಲೇಬೇಕಾದದ್ದು) ಎಂದ. ದೇವರು ಅಂದರೆ ಅದೇ.

ಧರ್ಮಪಂಡಿತ ಅಲ್-ಗಝಾಲಿ (1058–1111) ಸುಮ್ನೆ ಬಿಡಲಿಲ್ಲ. ‘ತಹಾಫುತ್ ಅಲ್-ಫಲಾಸಿಫಾ’ (ತತ್ವಜ್ಞಾನಿಗಳ ಅಸಂಗತತೆ) ಅನ್ನೋ ಪುಸ್ತಕದಲ್ಲಿ ತತ್ವಜ್ಞಾನಿಗಳ 20 ವಿಷಯ ಹಿಡಿದು ಜಾಲಾಡಿದ. ಜಗತ್ತಿಗೆ ಆದಿಯಿಲ್ಲ ಅನ್ನುವುದನ್ನು ಕುಫ್ರ್ (ಧರ್ಮವನ್ನೇ ನಿರಾಕರಿಸುವುದು) ಎಂದೇ ತೀರ್ಮಾನಿಸಿದ. ಆದರೆ ನನಗೆ ಹಿಡಿಸುವುದು ಅವನ ತರ್ಕದ ಏಟು. ಒಂದೊಂದಕ್ಕೂ ಕಾರಣ ಬೇಕು, ಒಪ್ಪೋಣ. ಎಲ್ಲ ಸೇರಿದ ಮೊತ್ತಕ್ಕೂ ಬೇಕು ಅಂತ ಹೇಗೆ ಹೇಳ್ತೀರಿ? ಮುಮ್ಕಿನ್‌ಗಳ ಮೊತ್ತವೂ ಮುಮ್ಕಿನ್ನೇ, ಅದಕ್ಕೆ ಕಾರಣ ಹೊರಗಿಂದಲೇ ಬರಬೇಕು ಅನ್ನುವುದು ಇಬ್ನ್ ಸೀನಾನ ನಿಲುವಾಗಿತ್ತು. ಜಗಳದ ತಿರುಳೆಲ್ಲ ಇಲ್ಲೇ ಇದೆ.

ಸ್ಪೇನಿನ ಕೊರ್ಡೋಬಾದ ತತ್ವಜ್ಞಾನಿ ಇಬ್ನ್ ರುಶ್ದ್ (1126–1198) ಗಝಾಲಿಗೆ ಉತ್ತರ ಬರೆದ, ಜೊತೆಗೆ ಇಬ್ನ್ ಸೀನಾನನ್ನೂ ತರಾಟೆಗೆ ತಗೊಂಡ. ಜಗತ್ತಿನ ಚಲನೆಯನ್ನು ಹಿಡಿದೇ ದೇವರಿದ್ದಾನೆಂದು ತೋರಿಸಬೇಕು ಅನ್ನುವುದು ಅವನ ಹಟ. ತಮಾಷೆ ಅಂದರೆ, ಮುಂದೆ ಕಲಾಂ ಪಂಡಿತರೇ ‘ವಾಜಿಬ್ ಅಲ್-ವುಜೂದ್’ ಪದವನ್ನು ತಮ್ಮದಾಗಿಸಿಕೊಂಡರು.

17ನೇ ಶತಮಾನದಲ್ಲಿ ಇರಾನಿನ ಶಿರಾಜಿನ ತತ್ವಜ್ಞಾನಿ ಮುಲ್ಲಾ ಸದ್ರಾ ವಾದವನ್ನು ಇನ್ನೊಮ್ಮೆ ತಿರುವಿದ: ವಸ್ತುಗಳಿಂದ ಬೇಡ, ಇರುವಿಕೆಯಿಂದಲೇ ಹೊರಡೋಣ ಎಂದ. ಅವನ ಒಂದು ವ್ಯಾಖ್ಯಾನ ಲಖನೌ ಕಡೆಯ ಮದರಸಾಗಳ ಪಾಠಪಟ್ಟಿಗೂ ಸೇರಿತು. ಅಲ್ಲಿ ಆ ಪುಸ್ತಕದ ಹೆಸರೇ ‘ಸದ್ರಾ’.